ಎರಡು ನಿಮಿಷದ ರೈಡಿಗೆ ಎರಡೂವರೆ ಗಂಟೆ ಸಾಲು. ಪಾರ್ಕಿನವರಿಗೆ ಪತ್ರ ಬರೆಯಬೇಕು, ಏನೇನು ಬರೆಯಲಿ?

ಕುಂಬಳೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಕಳೆದ ಡಿಸೆಂಬರಿನಲ್ಲಿ ಎಂಟು ಮತ್ತು ಒಂಬತ್ತನೇ ಕ್ಲಾಸಿನ 46 ಮಕ್ಕಳನ್ನು ಕರೆದುಕೊಂಡು ಒಂದು ದೊಡ್ಡ ಪಾರ್ಕಿಗೆ ಪ್ರವಾಸ ಹೋಗಿದ್ದೆವು. ಯಾವ ಪಾರ್ಕ್ ಅಂತ ಇಲ್ಲಿ ಹೇಳುವುದಿಲ್ಲ. ಮೊದಲು ಅವರಿಗೇ ಪತ್ರ ಬರೆದು ಉತ್ತರ ಕೇಳುವುದು ನ್ಯಾಯ ಅಂತ ನನಗೆ ಕಾಣುತ್ತದೆ. ಆ ಪತ್ರದಲ್ಲಿ ಏನು ಬರೆಯಬೇಕು ಅಂತ ನಿಮ್ಮನ್ನು ಕೇಳಲು ಬಂದೆ. ಇಲ್ಲಿ ಸುಮಾರು ಜನ ರೈಡ್ ಅಂದರೆ ಊಟ ಬಿಟ್ಟು ಓಡುವವರು ಇದ್ದೀರಿ ಅಂತ ಗೊತ್ತು.

ನಡೆದದ್ದು ಇಷ್ಟು. ರಾತ್ರಿ ಬಸ್ಸು ಹತ್ತಿದ ಮಕ್ಕಳು ಬೆಳಗ್ಗಿನವರೆಗೆ ನಿದ್ದೆ ಮಾಡಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಜಾತ್ರೆಯ ತೊಟ್ಟಿಲು ಬಿಟ್ಟರೆ ಬೇರೆ ರೈಡ್ ಗೊತ್ತಿಲ್ಲ. ಅಡಿಕೆ ಸುಲಿದ ಕೂಲಿ, ಬೀಡಿ ಕಟ್ಟಿದ ಕೂಲಿಯಿಂದ ತಾಯಂದಿರು ಉಳಿಸಿ ಕೊಟ್ಟ ದುಡ್ಡು ಅದು. ದೊಡ್ಡ ರೋಲರ್ ಕೋಸ್ಟರಿನ ಸಾಲಿಗೆ 11.15ಕ್ಕೆ ಸೇರಿದೆವು. ಬೋರ್ಡಿನಲ್ಲಿ 30 ನಿಮಿಷ ಅಂತ ಇತ್ತು. 12 ಗಂಟೆಗೆ ರೈಡ್ ನಿಂತಿತು. ಯಾಕೆ ನಿಂತಿತು, ಎಷ್ಟು ಹೊತ್ತು ಆಗಬಹುದು, ಕಾಯಬೇಕಾ ಬೇಡವಾ, ಯಾರೂ ಒಂದು ಮಾತು ಹೇಳಲಿಲ್ಲ. ಬೋರ್ಡಿನಲ್ಲಿ ಆಗಲೂ 30 ನಿಮಿಷವೇ. ನಾನು ಮುಂದೆ ಹೋಗಿ ಅಲ್ಲಿದ್ದ ಹುಡುಗನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ಪಾಪ. 19 ಮಕ್ಕಳು ಹಸಿವು ತಡೆಯದೆ ಸಾಲು ಬಿಟ್ಟು ಹೋದರು. ಉಳಿದ 27 ಮಕ್ಕಳು ಹಟ ಹಿಡಿದು ನಿಂತರು. 1.15ಕ್ಕೆ ರೈಡ್ ಮತ್ತೆ ಶುರುವಾಯಿತು, ಆದರೆ ಪಕ್ಕದಲ್ಲಿ ಜಾಸ್ತಿ ದುಡ್ಡು ಕೊಟ್ಟ ಫಾಸ್ಟ್ ಟ್ರ್ಯಾಕಿನವರನ್ನು ಮೊದಲು ಬಿಟ್ಟರು, ನಮ್ಮ ಸರದಿ ಬರುವಾಗ 1.45.

ಅಲ್ಲಿಯೂ ಒಂದು ಬೇಜಾರು. ಸ್ಪೀಕರಿನಲ್ಲಿ ಬಂದ ಸೂಚನೆ ಕನ್ನಡದಲ್ಲಿ ಇರಲಿಲ್ಲ. ಕನ್ನಡಕ ತೆಗೆದಿಡಿ ಅಂತ ಹೇಳಿದ್ದು ಒಂಬತ್ತನೇ ಕ್ಲಾಸಿನ ಒಬ್ಬಳಿಗೆ ಗೊತ್ತಾಗಲಿಲ್ಲ. ಮೊದಲ ತಿರುವಿನಲ್ಲೇ ಕನ್ನಡಕ ಹಾರಿ ಹೋಯಿತು. ಹೊಸ ಕನ್ನಡಕ ಬರುವ ತನಕ ಹತ್ತು ದಿನ ಅವಳು ಮೊದಲ ಬೆಂಚಿನಲ್ಲಿ ಕೂತು ಬೋರ್ಡ್ ಓದಿದಳು.

ಸಂಜೆ ಇನ್ನೊಂದು. ಊಟ ತಿಂಡಿಗೆ ಕೈಯ ಬ್ಯಾಂಡಿಗೆ ಹಣ ತುಂಬಿಸಿದ್ದೆವು. ಉಳಿದದ್ದನ್ನು ವಾಪಸ್ ಕೊಡುವುದು ಒಂದೇ ಕೌಂಟರಿನಲ್ಲಿ. ಬಸ್ಸಿಗೆ ಹೊತ್ತಾಯಿತು ಅಂತ ಸುಮಾರು ಮಕ್ಕಳು ಹಣ ಬಿಟ್ಟೇ ಬಂದರು.

ಮಕ್ಕಳು ಖುಷಿಯಾಗಿದ್ದರು, ಅದು ಬೇರೆ ಮಾತು. ಆದರೆ ನನಗೆ ಗೊತ್ತಾಗಬೇಕಾದ್ದು ಇದು: ಇದಕ್ಕೆಲ್ಲ ಹೊಸ ತಂತ್ರಜ್ಞಾನ ಬೇಕಾ, ಅಥವಾ ಇರುವುದನ್ನೇ ಸರಿಯಾಗಿ ನಡೆಸಿದರೆ ಸಾಕಾ?


ಉಪ್ಪಳದ ಕೋಸ್ಟರ್ ಪ್ರೇಮಿ

ಮೇಷ್ಟ್ರೇ, ಓದಿ ತುಂಬಾ ಬೇಜಾರಾಯಿತು. ನಾನು ಈಗ ಇರುವುದು ಬೆಂಗಳೂರಿನಲ್ಲಿ. ಬಿಡದಿಯ ವಂಡರ್‌ಲಾಗೆ ಎಷ್ಟು ಸಲ ಹೋಗಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಮಹಾರಾಷ್ಟ್ರದ ಖೋಪೋಲಿಯ ಪಾರ್ಕಿಗೆ ನೈಟ್ರೋ ಅನ್ನುವ ಕೋಸ್ಟರ್ ಒಂದಕ್ಕೋಸ್ಕರ ಎರಡು ಸಲ ಹೋಗಿದ್ದೇನೆ. ಆದ್ದರಿಂದ ಸಾಲಿನ ಲೆಕ್ಕ ಸ್ವಲ್ಪ ಗೊತ್ತು, ಅದನ್ನೇ ಹೇಳುತ್ತೇನೆ.

"ಇನ್ನೊಂದು ಟ್ರೇನ್ ಹಾಕಿ" ಅಂತ ಎಲ್ಲರೂ ಹೇಳುತ್ತಾರೆ. ಕೆಲವು ರೈಡಿನಲ್ಲಿ ಅದು ಆಗುವುದೇ ಇಲ್ಲ. ವಂಡರ್‌ಲಾದ ರೀಕಾಯಿಲ್ ಇದೆಯಲ್ಲ, ಅದು ಡಚ್ ಕಂಪನಿ ವೆಕೋಮಾದ ಬೂಮರಾಂಗ್ ಮಾದರಿ. 1984ರಿಂದ ಜಗತ್ತಿನ ಎಷ್ಟೋ ಊರುಗಳಲ್ಲಿ ಇದೇ ಮಾದರಿ ನಿಂತಿದೆ. ಟ್ರೇನ್ ಮುಂದೆ ಹೋಗುವಾಗ ಮೂರು ಸಲ ತಲೆಕೆಳಗಾಗಿ, ಅದೇ ಹಳಿಯಲ್ಲಿ ಹಿಂದಕ್ಕೆ ಬರುವಾಗ ಮತ್ತೆ ಮೂರು ಸಲ. ಹೋದ ಹಳಿಯಲ್ಲೇ ವಾಪಸ್ ಬರಬೇಕಾದ ಕಾರಣ ಒಂದೇ ಟ್ರೇನ್. 28 ಸೀಟು. ಮುಗಿಯಿತು.

ಹಾಗಾದರೆ ಸಾಲು ಬೇಗ ಓಡುವುದು ಹೇಗೆ? ಹತ್ತಿಸಿ ಇಳಿಸುವ ವೇಗದಲ್ಲಿ. ಎರಡೂವರೆ ನಿಮಿಷಕ್ಕೆ ಒಂದು ಸಲ ಟ್ರೇನ್ ಬಿಟ್ಟರೆ ಗಂಟೆಗೆ 24 ಸುತ್ತು, ಅಂದರೆ 672 ಜನ. ನಾಲ್ಕು ನಿಮಿಷ ತೆಗೆದುಕೊಂಡರೆ 15 ಸುತ್ತು, 420 ಜನ. ಸಾಲಿನಲ್ಲಿ 400 ಜನ ಇದ್ದರೆ ಮೊದಲನೆಯದರಲ್ಲಿ ಕೊನೆಯವನಿಗೆ 36 ನಿಮಿಷ, ಎರಡನೆಯದರಲ್ಲಿ 57 ನಿಮಿಷ. ಅದೇ ರೈಡ್, ಅದೇ ಮಿಷನ್. ಬ್ಯಾಗ್ ಎಲ್ಲಿಡಬೇಕು ಅಂತ ಹುಡುಕುವುದು, ಚಪ್ಪಲಿ ಬಿಚ್ಚುವುದು, ಯಾರ ಪಕ್ಕ ಯಾರು ಅಂತ ಚರ್ಚೆ, ಬೆಲ್ಟ್ ನೋಡಲು ಇಬ್ಬರು ಬೇಕಾದಲ್ಲಿ ಒಬ್ಬನೇ ಇರುವುದು, ಆ ಒಂದೂವರೆ ನಿಮಿಷ ಹೋಗುವುದು ಇದರಲ್ಲಿಯೇ. ಬೆಲ್ಟ್ ನೋಡುವುದರಲ್ಲಿ ಅವಸರ ಮಾಡಬಾರದು, ಅದು ಬೇರೆ. ಉಳಿದದ್ದೆಲ್ಲ ಮೊದಲೇ ಮುಗಿಸಬಹುದು. ಮುಂದಿನ 28 ಜನರನ್ನು ಸಾಲು ಸಾಲಾಗಿ ಗೇಟಿನ ಹಿಂದೆ ನಿಲ್ಲಿಸಿ, ಚಪ್ಪಲಿ ಬ್ಯಾಗ್ ಅಲ್ಲೇ ತೆಗೆಸಿ ಇಟ್ಟರೆ ಸಾಕು.

ಈಗ ಫಾಸ್ಟ್ ಟ್ರ್ಯಾಕ್ ಸೇರಿಸಿ. ಗಂಟೆಗೆ 420ರಲ್ಲಿ 100 ಸೀಟು ಅವರಿಗೆ ಹೋದರೆ ನಿಮಗೆ ಉಳಿದದ್ದು 320. 57 ನಿಮಿಷದ ಸಾಲು 75 ನಿಮಿಷವಾಗುತ್ತದೆ. ಬೋರ್ಡಿನಲ್ಲಿ ಹಾಕುವ ಸಮಯಕ್ಕೆ ಈ ಲೆಕ್ಕ ಸೇರಿಸದಿದ್ದರೆ ಅದು ಹೇಗೆ ಸರಿಯಾಗುತ್ತದೆ?


ಪೆರ್ಲದವ

ಮೇಷ್ಟ್ರಿಗೆ ಆದ ತೊಂದರೆ ಒಪ್ಪುತ್ತೇನೆ, ಆದರೆ ಫಾಸ್ಟ್ ಟ್ರ್ಯಾಕ್ ಮೇಲೆ ಎಲ್ಲರೂ ಬೀಳುವುದು ನನಗೆ ಸರಿ ಕಾಣುವುದಿಲ್ಲ. ಪಾರ್ಕ್ ನಡೆಸುವ ಖರ್ಚು ನೋಡಿ. ಬೇಸಿಗೆ ರಜೆ, ದಸರಾ, ಕ್ರಿಸ್ಮಸ್ ಬಿಟ್ಟರೆ ವಾರದ ದಿನಗಳಲ್ಲಿ ಜನ ಕಡಿಮೆ. ನಮ್ಮ ಕಡೆ ಮಳೆಗಾಲ ನಾಲ್ಕು ತಿಂಗಳು. ಟಿಕೆಟಿನ ಮೇಲೆ ಜಿಎಸ್‌ಟಿ ಶುರುವಿನಲ್ಲಿ 28% ಇತ್ತು, 2018ರ ಜನವರಿಯಲ್ಲಿ 18%ಕ್ಕೆ ಇಳಿಸಿದರು. ಮುಂಬೈಯ ಎಸ್ಸೆಲ್ ವರ್ಲ್ಡ್ 1989ರಿಂದ ಓಡಿ ಕೊನೆಗೆ ಬಾಗಿಲು ಹಾಕಿತು. ಡೆಲ್ಲಿಯ ಅಪ್ಪು ಘರ್ 2008ರಲ್ಲೇ ಮುಚ್ಚಿತು. ಅರ್ಜೆಂಟ್ ಇರುವವನು ಎರಡು ಪಾಲು ಕೊಟ್ಟು ಹೋಗುತ್ತಾನೆ, ಆ ದುಡ್ಡಿನಿಂದ ನಮ್ಮ ಟಿಕೆಟ್ ಅಷ್ಟು ಏರದೆ ನಿಲ್ಲುತ್ತದೆ. ಶಾಲೆ ಮಕ್ಕಳಿಗೆ ರಿಯಾಯಿತಿಯೂ ಅದರಿಂದಲೇ ಬರಬೇಕು, ಅಲ್ವಾ?


ಬದಿಯಡ್ಕದ ಅಕ್ಕ

ಪೆರ್ಲದ ಅಣ್ಣ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ದುಡ್ಡು ತೆಗೆದುಕೊಳ್ಳಲಿ. ಆದರೆ ಒಂದು ಗಂಟೆಗೆ ಎಷ್ಟು ಫಾಸ್ಟ್ ಟ್ರ್ಯಾಕ್ ಮಾರಬಹುದು ಅಂತ ಒಂದು ಮಿತಿ ಬೇಡವಾ? ರೈಡ್ ಒಂದು ಗಂಟೆ ನಿಂತು ಶುರುವಾದ ಮೇಲೆ ಆ ಸಾಲನ್ನೇ ಪೂರ್ತಿ ಮೊದಲು ಬಿಡುವುದು ಯಾವ ಲೆಕ್ಕ? ಬಿಸಿಲಿನಲ್ಲಿ ನಿಂತ ಮಕ್ಕಳ ಕಣ್ಣೆದುರೇ ಇದು ನಡೆಯುವುದು. ಅಮೆರಿಕದ ಡಿಸ್ನಿಯಲ್ಲಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದರು. ಟಿಕೆಟ್ ತೋರಿಸಿ ಸಮಯದ ಚೀಟಿ ತೆಗೆದುಕೊಂಡು ಆ ಹೊತ್ತಿಗೆ ಬಂದರಾಯಿತು. 2021ರಲ್ಲಿ ಅದನ್ನು ತೆಗೆದು ದುಡ್ಡಿನದ್ದು ಮಾಡಿದರು, ಆಗ ಅಲ್ಲಿಯ ಅಭಿಮಾನಿಗಳೇ ಜೋರು ಬೇಜಾರು ಮಾಡಿಕೊಂಡರು. ಅಂದರೆ ಸಾಲಿನಲ್ಲಿ ನಿಲ್ಲದೆ ಸರದಿ ಪಡೆಯುವ ಏರ್ಪಾಡು ಬಡವರಿಗೂ ಕೊಡಬಹುದು ಅಂತ ಅವರೇ 20 ವರ್ಷಕ್ಕಿಂತ ಜಾಸ್ತಿ ಕಾಲ ತೋರಿಸಿದ್ದಾರೆ.

ಮೇಷ್ಟ್ರೇ, ಪತ್ರದಲ್ಲಿ ಇದು ಖಂಡಿತ ಬರಲಿ. ರೈಡ್ ನಿಂತರೆ ಆಗ ಸಾಲಿನಲ್ಲಿ ಇದ್ದವರೆಲ್ಲರ ಬ್ಯಾಂಡಿಗೆ ಒಂದು ಸಲದ ಪಾಸ್ ಹಾಕಿ ಕಳಿಸಲಿ. ಮಕ್ಕಳು ಹೋಗಿ ಊಟ ಮಾಡಿ, ಬೇರೆ ರೈಡ್ ಆಡಿ, ಆಮೇಲೆ ಬರುತ್ತಾರೆ. ಬ್ಯಾಂಡ್ ಕೈಯಲ್ಲೇ ಇದೆಯಲ್ಲ, ಅದಕ್ಕೆ ಎಂತ ಖರ್ಚು?


ಚೆರ್ಕಳ, ಎಂಜಿನಿಯರಿಂಗ್ ಮೂರನೇ ವರ್ಷ

ಇದಕ್ಕೆಲ್ಲ ಒಂದು ಆ್ಯಪ್ ಸಾಕು ಅಂತ ನನ್ನ ಅಭಿಪ್ರಾಯ. ಪಾರ್ಕಿನ ಮ್ಯಾಪ್, ಯಾವ ರೈಡಿಗೆ ಎಷ್ಟು ಹೊತ್ತು, ನಿಂತರೆ ನೋಟಿಫಿಕೇಶನ್, ಊಟಕ್ಕೆ ಮೊದಲೇ ಆರ್ಡರ್, ಉಳಿದ ಹಣ ಯುಪಿಐಗೆ ವಾಪಸ್. ಸಾಲಿನಲ್ಲಿ ನಿಲ್ಲುವ ಬದಲು ಫೋನಿನಲ್ಲೇ ಸರದಿ. ನಾವೇ ನಾಲ್ಕು ಜನ ಕೂತರೆ ಮೊದಲ ರೂಪ ಎರಡು ತಿಂಗಳಲ್ಲಿ ಮಾಡಬಹುದು.


ಬದಿಯಡ್ಕದ ಅಕ್ಕ

ತಮ್ಮಾ, ಮೇಷ್ಟ್ರ ಮಕ್ಕಳ ಹತ್ತಿರ ಫೋನ್ ಎಲ್ಲಿಂದ ಬರಬೇಕು? ಪ್ರವಾಸಕ್ಕೆ ಶಾಲೆಯವರೇ ಫೋನ್ ತರಬೇಡಿ ಅನ್ನುತ್ತಾರೆ. ನೀರಿನ ಪಾರ್ಕಿನಲ್ಲಿ ದೊಡ್ಡವರ ಫೋನೂ ಲಾಕರಿನಲ್ಲಿ ಇರುತ್ತದೆ. ಒದ್ದೆ ಕೈಯಲ್ಲಿ ಯಾರು ಆ್ಯಪ್ ನೋಡುತ್ತಾರೆ?


ಉಪ್ಪಳದ ಕೋಸ್ಟರ್ ಪ್ರೇಮಿ

ಅಕ್ಕ ಹೇಳಿದ್ದು ಸರಿ, ಇದಕ್ಕೆ ಒಂದು ನಿಜವಾದ ಉದಾಹರಣೆ ಉಂಟು. 2017ರ ಮೇಯಲ್ಲಿ ಯೂನಿವರ್ಸಲ್‌ನವರು ಅಮೆರಿಕದ ಒರ್ಲ್ಯಾಂಡೊದಲ್ಲಿ ವಾಲ್ಕೇನೊ ಬೇ ಅಂತ ನೀರಿನ ಪಾರ್ಕ್ ತೆರೆದರು. ಒಳಗೆ ಬಂದ ಎಲ್ಲರ ಕೈಗೂ ಟಾಪುಟಾಪು ಅನ್ನುವ ಬ್ಯಾಂಡ್. ಸ್ಲೈಡಿನ ಹತ್ತಿರ ಹೋಗಿ ತಾಗಿಸಿದರೆ ನಿಮ್ಮ ಸರದಿ ಹಿಡಿದಿಡುತ್ತದೆ, ಹೊತ್ತಾದಾಗ ಬ್ಯಾಂಡೇ ಹೇಳುತ್ತದೆ. ಫೋನ್ ಬೇಡ. ನೀರಿನ ಜಾಗಕ್ಕೆ ಇದೇ ದಾರಿ.

ಆದರೆ ಶುರುವಿನ ದಿನಗಳಲ್ಲಿ ಕೆಲವು ಸ್ಲೈಡಿಗೆ ಗಂಟೆಗಟ್ಟಲೆ ಕಾಯಬೇಕಾಯಿತು. ಯಾಕೆ? ಸ್ಲೈಡ್ ಗಂಟೆಗೆ ಎಷ್ಟು ಜನರನ್ನು ಇಳಿಸುತ್ತದೋ ಅಷ್ಟೇ. ಬ್ಯಾಂಡ್ ಹಾಕಿದ್ದಕ್ಕೆ ಸ್ಲೈಡ್ ದೊಡ್ಡದಾಗುವುದಿಲ್ಲ. ಮತ್ತೆ ಒಂದು ವಿಷಯ ಎಲ್ಲರೂ ಮರೆಯುತ್ತಾರೆ: ಸಾಲಿನಲ್ಲಿ ನಿಂತ ಜನ ಸಾಲಿನಲ್ಲಿ ಇರುತ್ತಾರೆ, ಸಾಲಿನಿಂದ ಬಿಟ್ಟರೆ ಅವರು ಎಲ್ಲಿಗೆ ಹೋಗಬೇಕು? ನೆರಳು, ಬೆಂಚು, ಕುಡಿಯುವ ನೀರು, ಸಣ್ಣ ಆಟ, ಇದೆಲ್ಲ ಇಲ್ಲದಿದ್ದರೆ ದಾರಿಯಲ್ಲೇ ರಶ್ ಆಗುತ್ತದೆ. ಆದ್ದರಿಂದ ಮೊದಲು ಹತ್ತಿಸುವ ವೇಗ, ಆಮೇಲೆ ಕೂರುವ ಜಾಗ, ಆಮೇಲೆ ಬ್ಯಾಂಡಿನ ಸರದಿ. ನಮ್ಮ ಪಾರ್ಕುಗಳು ಈ ಕ್ರಮವನ್ನು ತಿರುವು ಮುರುವು ಮಾಡುತ್ತವೆ ಅಂತ ನನಗೆ ಅನಿಸುತ್ತದೆ.

ಬ್ಯಾಂಡಿನಿಂದ ಇವತ್ತೇ ಆಗುವ ಕೆಲಸ ಇನ್ನೊಂದು ಇದೆ. ಸಾಲಿನ ಬಾಗಿಲಲ್ಲಿ ಒಂದು ರೀಡರ್, ಹತ್ತುವಲ್ಲಿ ಒಂದು ರೀಡರ್. ಒಬ್ಬ ಎರಡರ ನಡುವೆ ಎಷ್ಟು ನಿಮಿಷ ತೆಗೆದುಕೊಂಡ ಅಂತ ತಾನಾಗಿ ಗೊತ್ತಾಗುತ್ತದೆ. ಬೋರ್ಡಿಗೆ ಆ ಸಂಖ್ಯೆ ಹೋಗಲಿ. ಮೇಷ್ಟ್ರು ನೋಡಿದ "30 ನಿಮಿಷ" ಯಾರೋ ಬೆಳಗ್ಗೆ ಕೈಯಲ್ಲಿ ಹಾಕಿ ಮರೆತದ್ದು ಇರಬೇಕು.


ಮಂಜೇಶ್ವರ, ಈಗ ದುಬೈ

ನಾನು ಹದಿನಾಲ್ಕು ವರ್ಷದಿಂದ ಫ್ಯಾಕ್ಟರಿಗಳಲ್ಲಿ ಪಿಎಲ್‌ಸಿ, ಅಂದರೆ ಮಿಷನ್ ನಡೆಸುವ ಕಂಪ್ಯೂಟರಿನ ಕೆಲಸ ಮಾಡುವವನು. ರೈಡ್ ನಡೆಸುವುದೂ ಅದೇ ತರದ ಕಂಪ್ಯೂಟರ್. ಒಂದು ಮಾತು ಹೇಳಲೇಬೇಕು ಅಂತ ಅನಿಸಿತು, ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ.

ಮೇಷ್ಟ್ರೇ, ರೈಡ್ ನಿಂತದ್ದಕ್ಕೆ ಪತ್ರದಲ್ಲಿ ದೂರು ಬರೆಯಬೇಡಿ. ದಯವಿಟ್ಟು. ಎರಡು ಮೂರು ಟ್ರೇನ್ ಓಡುವ ಕೋಸ್ಟರಿನಲ್ಲಿ ಹಳಿಯನ್ನು ಭಾಗ ಭಾಗ ಮಾಡಿರುತ್ತಾರೆ. ಒಂದೊಂದು ಭಾಗಕ್ಕೆ ಬ್ಲಾಕ್ ಅಂತ ಹೆಸರು. ಒಂದು ಬ್ಲಾಕಿನಲ್ಲಿ ಒಂದೇ ಟ್ರೇನ್ ಇರಬೇಕು. ಕುಂಬಳೆ ಸ್ಟೇಷನಿನಲ್ಲಿ ಸಿಗ್ನಲ್ ಬೀಳದೆ ರೈಲು ಮುಂದೆ ಹೋಗುವುದಿಲ್ಲ ಅಲ್ವಾ, ಅದೇ ಯೋಚನೆ. ಪ್ರತಿ ಬ್ಲಾಕಿನ ಕೊನೆಗೆ ಬ್ರೇಕ್ ಅಥವಾ ಏರಿಸುವ ಚೈನು ಇರುತ್ತದೆ. ಮುಂದಿನ ಬ್ಲಾಕ್ ಖಾಲಿ ಅಂತ ಸೆನ್ಸರ್ ಹೇಳುವ ತನಕ ಅದು ಬಿಡುವುದಿಲ್ಲ. ಒಂದು ಸೆನ್ಸರಿಗೆ ಅನುಮಾನ ಬಂದರೂ ಇಡೀ ರೈಡ್ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ಹಾಗೆಯೇ ಮಾಡಿರುವುದು. ಒಂದು ಸೀಟಿನ ಬೆಲ್ಟ್ ಸರಿ ಕೂರದಿದ್ದರೂ, ಗಾಳಿ ಜೋರಾದರೂ, ಮಿಂಚು ಬಂದರೂ ನಿಲ್ಲಿಸಬೇಕು. ನಮ್ಮಲ್ಲಿ ಅಕ್ಟೋಬರ್, ನವೆಂಬರ್ ಸಂಜೆ ಬರುವ ಗುಡುಗು ಮಿಂಚು ನಿಮಗೆಲ್ಲ ಗೊತ್ತೇ ಇದೆ.

ನಿಂತ ರೈಡನ್ನು ಅವಸರದಲ್ಲಿ ಶುರು ಮಾಡಿದರೆ ಏನಾಗುತ್ತದೆ? 2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ಸ್ಮೈಲರ್ ಅನ್ನುವ ಕೋಸ್ಟರಿನಲ್ಲಿ ಒಂದು ಖಾಲಿ ಟ್ರೇನ್ ಹಳಿಯ ಮೇಲೆ ಸಿಕ್ಕಿಹಾಕಿಕೊಂಡಿತ್ತು. ಕಂಪ್ಯೂಟರ್ ಸರಿಯಾಗಿಯೇ ಹಿಂದಿನ ಟ್ರೇನನ್ನು ತಡೆದಿತ್ತು. ಆ ದಿನ ಹೆಚ್ಚುವರಿ ಟ್ರೇನ್ ಸೇರಿಸಿದ್ದು ರಿಪೇರಿಯವರಿಗೆ ಗೊತ್ತಿರಲಿಲ್ಲ. ಹಳಿ ಖಾಲಿ ಇದೆ, ಕಂಪ್ಯೂಟರ್ ತಪ್ಪು ಹೇಳುತ್ತಿದೆ ಅಂದುಕೊಂಡು ತಡೆಯನ್ನು ಕೈಯಿಂದ ಬಿಡಿಸಿ, 16 ಜನ ಕೂತಿದ್ದ ಟ್ರೇನನ್ನು ಕಳಿಸಿದರು. ಹೋಗಿ ಗುದ್ದಿತು. ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. 2016ರಲ್ಲಿ ಕಂಪನಿಗೆ 50 ಲಕ್ಷ ಪೌಂಡ್ ದಂಡ ಬಿತ್ತು. ಅಲ್ಲಿ ಮಿಷನ್ ಸೋಲಲಿಲ್ಲ. ಯಾರು ಯಾರಿಗೆ ಏನು ಹೇಳಬೇಕು ಅನ್ನುವ ಏರ್ಪಾಡು ಸೋತಿತು.

ಅದರ ಮರುವರ್ಷ, 2016ರ ಅಕ್ಟೋಬರ್ 25ರಂದು, ಆಸ್ಟ್ರೇಲಿಯಾದ ಡ್ರೀಮ್‌ವರ್ಲ್ಡ್‌ನಲ್ಲಿ ಇದಕ್ಕೆ ಉಲ್ಟಾ. ರಾಫ್ಟ್ (ತೆಪ್ಪ) ರೈಡಿನ ನೀರು ಎತ್ತುವ ಪಂಪ್ ನಿಂತಿತು. ನೀರು ಇಳಿದು ಒಂದು ರಾಫ್ಟ್ ಸಿಕ್ಕಿಕೊಂಡಿತು, ಹಿಂದಿನದು ಬಂದು ಗುದ್ದಿತು, ನಾಲ್ಕು ಜನ ಸತ್ತರು. ಅದೇ ಪಂಪ್ ಅದೇ ದಿನ ಮೊದಲೂ ಎರಡು ಸಲ ನಿಂತಿತ್ತು. ನೀರಿನ ಮಟ್ಟ ಇಳಿದರೆ ರೈಡನ್ನು ತಾನಾಗಿ ನಿಲ್ಲಿಸುವ ಸೆನ್ಸರ್ ಅಲ್ಲಿ ಇರಲಿಲ್ಲ. ಆ ಸೆನ್ಸರ್ ದೊಡ್ಡ ತಂತ್ರಜ್ಞಾನ ಅಲ್ಲ ಮಾರಾಯ್ರೆ, ನಮ್ಮ ಮನೆಯ ಟ್ಯಾಂಕಿಗೂ ಅಂಥದ್ದು ಹಾಕುತ್ತೇವೆ. 2020ರಲ್ಲಿ ಆ ಕಂಪನಿಗೆ 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿದರು.

ಆದ್ದರಿಂದ ನೀವು ಬರೆಯಬೇಕಾದ್ದು ಹೀಗೆ ಅಂತ ನನಗೆ ಕಾಣುತ್ತದೆ: "ರೈಡ್ ನಿಲ್ಲಿಸಿದ್ದಕ್ಕೆ ಧನ್ಯವಾದ. ನಿಲ್ಲಿಸಿ ಐದು ನಿಮಿಷದ ಒಳಗೆ ಸಾಲಿನಲ್ಲಿದ್ದವರಿಗೆ ಹೇಳಿ." ಕಂಟ್ರೋಲ್ ರೂಮಿನಲ್ಲಿ ಯಾಕೆ ನಿಂತಿತು ಅನ್ನುವ ಕೋಡ್ ಬಂದೇ ಬರುತ್ತದೆ. ಗೇಟಿನ ಹುಡುಗನಿಗೆ ಅದು ತಲುಪುವುದಿಲ್ಲ, ಅಷ್ಟೇ. ನೀವು ಕೇಳಿದಾಗ ಅವನಿಗೆ ಗೊತ್ತಿರಲಿಲ್ಲ ಅಂದಿರಲ್ಲ, ನನಗೆ ಅದೇ ಹೆಚ್ಚು ಹೆದರಿಕೆ ತಂದದ್ದು. ಅವನಿಗೆ ಗೊತ್ತಿಲ್ಲದಿದ್ದರೆ ಮತ್ತೆ ಯಾರಿಗೆಲ್ಲ ಗೊತ್ತಿಲ್ಲ?


ಮುಳ್ಳೇರಿಯ ಲ್ಯಾಬ್

ಎಲ್ಲರೂ ಕೋಸ್ಟರ್ ಬಗ್ಗೆ ಹೇಳಿದಿರಿ, ನಾನು ನೀರಿನ ಬಗ್ಗೆ ಹೇಳುತ್ತೇನೆ. ನಾನು ಲ್ಯಾಬ್ ಟೆಕ್ನಿಷಿಯನ್. ಅಮೀಬಾದಿಂದ ಬರುವ ಮಿದುಳಿನ ಜ್ವರ ಕೇರಳದಲ್ಲಿ ಎಷ್ಟು ಹೆದರಿಕೆ ಹುಟ್ಟಿಸಿತು ಅಂತ ನಿಮಗೆಲ್ಲ ನೆನಪಿದೆ. 2025ರಲ್ಲಿ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನವೇ ನಡೆಯಿತು. ಆ ಅಮೀಬಾ ಕುಡಿದ ನೀರಿನಿಂದ ಬರುವುದಿಲ್ಲ, ಮೂಗಿನ ಒಳಗೆ ನೀರು ನುಗ್ಗಿದಾಗ ಬರುತ್ತದೆ. ಸ್ಲೈಡಿನಿಂದ ಕೊಳಕ್ಕೆ ಬೀಳುವಾಗ ಮೂಗಿಗೆ ನೀರು ಹೋಗದ ಮಗು ಯಾವುದಿದೆ?

ಕ್ಲೋರಿನ್ ಸರಿಯಾಗಿದ್ದರೆ ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ ಇರಬೇಕು. ಪಿಎಚ್ ಮೇಲೆ ಹೋದರೆ ಕ್ಲೋರಿನ್ ಇದ್ದರೂ ಕೆಲಸ ಮಾಡುವುದು ಕಡಿಮೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಜನ ಜಾಸ್ತಿಯಾದರೆ ಬೇಗ ಖರ್ಚಾಗುತ್ತದೆ. ಅಂದರೆ ಬೆಳಗ್ಗೆ ಒಂಬತ್ತಕ್ಕೆ ನೋಡಿ ಪುಸ್ತಕದಲ್ಲಿ ಬರೆದದ್ದು ಮಧ್ಯಾಹ್ನ ಎರಡು ಗಂಟೆಗೆ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ತಾನಾಗಿ ಅಳೆದು ತಾನಾಗಿ ಕ್ಲೋರಿನ್ ಬಿಡುವ ಮಿಷನ್ ಇದೆ, ದೊಡ್ಡ ಪಾರ್ಕುಗಳಿಗೆ ಅದೇನು ಭಾರವಲ್ಲ. ನನ್ನ ಆಸೆ ಒಂದೇ. ಆ ಎರಡು ಸಂಖ್ಯೆಗಳನ್ನು ಕೊಳದ ಪಕ್ಕದಲ್ಲಿ ದೊಡ್ಡದಾಗಿ ತೋರಿಸಲಿ. ಬಸ್ಸಿನ ಬೋರ್ಡ್ ನೋಡುವ ಹಾಗೆ ತಾಯಂದಿರು ನೋಡುತ್ತಾರೆ. ಒಂದು ಸಲ ಅಭ್ಯಾಸವಾದರೆ ಬೋರ್ಡ್ ಇಲ್ಲದ ಪಾರ್ಕಿಗೆ ಯಾರೂ ಹೋಗುವುದಿಲ್ಲ.

ಪರಶ್ಶಿನಿಕಡವಿನ ವಿಸ್ಮಯ ಪಾರ್ಕನ್ನು ಸಹಕಾರಿ ಸಂಘ ನಡೆಸುತ್ತದೆ, ಮಳೆ ನೀರನ್ನೇ ಸಂಗ್ರಹಿಸಿ ಬಳಸುತ್ತದೆ. ನಮ್ಮ ಮಳೆಗೆ ಅದು ಒಳ್ಳೆಯ ಯೋಚನೆ. ಊರವರ ಸಂಘಗಳೂ ಇಂಥ ಕೆಲಸಕ್ಕೆ ಕೈ ಹಾಕಬಹುದು ಅಂತ ಅದನ್ನು ನೋಡಿದರೆ ಧೈರ್ಯ ಬರುತ್ತದೆ. ಬೇಕಲದ ಹತ್ತಿರ ಪಾರ್ಕ್ ಬೇಕು ಅಂತ ಆಗಾಗ ಮಾತು ಬರುತ್ತದಲ್ಲ, ಬಂದರೆ ಈ ತರ ಬರಲಿ. ಕಡಲ ಬದಿಯ ಉಪ್ಪು ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದನ್ನೂ ಮೊದಲೇ ಯೋಚಿಸಬೇಕು.


ನೀರ್ಚಾಲಿನವ

ದೊಡ್ಡ ಪಾರ್ಕಿನಲ್ಲಿ ಕಂಪ್ಯೂಟರ್ ಆದರೂ ಇದೆ. ನಮ್ಮ ಜಾತ್ರೆಯ ತೊಟ್ಟಿಲಿಗೆ ಎಂತ ಉಂಟು? ಎರಡು ದಿನದಲ್ಲಿ ಕಟ್ಟುತ್ತಾರೆ, ಐದು ದಿನ ತಿರುಗಿಸುತ್ತಾರೆ, ಬಿಚ್ಚಿ ಇನ್ನೊಂದು ಊರಿಗೆ ಹೋಗುತ್ತಾರೆ. ಪ್ರತಿ ಸಲ ಬೋಲ್ಟ್ ಬಿಗಿದದ್ದು ಯಾರು ನೋಡಿದರು? 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ರೈಡ್ ಮುರಿದು ಬಿದ್ದು ಇಬ್ಬರು ಸತ್ತರು. ಅದು ಖಾಯಂ ಆಗಿ ನಿಂತ ರೈಡ್. ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನಿನಲ್ಲಿ 2024ರ ಮೇ 25ರಂದು ಬೆಂಕಿ ಹತ್ತಿ ಮಕ್ಕಳೂ ಸೇರಿ 27 ಜನ ಹೋದರು. ಅಲ್ಲಿ ಅಗ್ನಿಶಾಮಕದವರ ಒಪ್ಪಿಗೆ ಪತ್ರವೇ ಇರಲಿಲ್ಲ.

ರೈಡಿನ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ನಿಯಮಾವಳಿ ಇದೆ. ಕಾಗದದಲ್ಲಿ ಇದ್ದರೆ ಸಾಲದು. ಕುಂಬಳೆ ಬೆಡಿಗೆ, ಅಂದರೆ ನಮ್ಮ ದೇವಸ್ಥಾನದ ಜಾತ್ರೆಗೆ, ನಾನೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮುಂದಿನ ಸಲ ನಮ್ಮ ಕಡೆ ಎಲ್ಲಿ ತೊಟ್ಟಿಲು ನಿಂತರೂ ಅದರ ಮುಂದೆ ಒಂದು ಹಲಗೆ ಇರಲಿ: ಯಾವ ದಿನ ಪರೀಕ್ಷೆ ಆಯಿತು, ಯಾರು ಸಹಿ ಹಾಕಿದರು. ಪಂಚಾಯತಿನವರಿಗೆ ಕೇಳಲು ನಾನು ಬರುತ್ತೇನೆ, ಇನ್ನು ಯಾರು ಬರುತ್ತೀರಿ?


ಪೆರ್ಲದವ

ನಾನು ಬರುತ್ತೇನೆ ನೀರ್ಚಾಲಿನವರೇ. ಫಾಸ್ಟ್ ಟ್ರ್ಯಾಕಿನ ವಿಷಯದಲ್ಲಿ ಅಕ್ಕ ಹೇಳಿದ ಮಿತಿಯನ್ನು ನಾನು ಒಪ್ಪುತ್ತೇನೆ. ಗಂಟೆಗೆ ಎಷ್ಟು ಅಂತ ಬೋರ್ಡಿನಲ್ಲಿ ಹಾಕಿದರೆ ಕೊಳ್ಳುವವನಿಗೂ ಕಾಯುವವನಿಗೂ ಸಮಾಧಾನ.

ಕನ್ನಡದ ಸೂಚನೆ ಬಗ್ಗೆ ಒಂದು ಪ್ರಶ್ನೆ. ನಮ್ಮ ಮಕ್ಕಳಿಗೆ ಮಲಯಾಳಂ ಬರುತ್ತದೆ, ಇಂಗ್ಲಿಷ್ ಸ್ವಲ್ಪ ಬರುತ್ತದೆ. ಚಿತ್ರ ಹಾಕಿದರೆ ಎಲ್ಲ ಭಾಷೆಯವರಿಗೂ ಆಗುತ್ತದೆ. ಪಾರ್ಕಿನವರು ಎಷ್ಟು ಭಾಷೆಯಲ್ಲಿ ಅಂತ ಕೂಗಿ ಹೇಳಬೇಕು?


ಬದಿಯಡ್ಕದ ಅಕ್ಕ

ಚಿತ್ರ ಬೇಕು, ಖಂಡಿತ. ಆದರೆ ಹತ್ತುವ ಹೊತ್ತಿಗೆ ಎದೆ ಢವಢವ ಅನ್ನುವಾಗ ಮಗುವಿಗೆ ಬೇಗ ತಾಗುವುದು ಮನೆಯ ಮಾತು. ನಾವು 1956ರಿಂದ ಕೇರಳದಲ್ಲಿ ಇದ್ದೇವೆ, ಕಚೇರಿಯಲ್ಲಿ ಕನ್ನಡದ ಫಾರಂ ಕೇಳಿ ಕೇಳಿ ಪಡೆದಿದ್ದೇವೆ. ಕೇಳಿದ್ದರಿಂದಲೇ ಸಿಕ್ಕಿದ್ದು. ಅರ್ಧ ನಿಮಿಷದ ಸೂಚನೆಯನ್ನು ರೆಕಾರ್ಡ್ ಮಾಡಿ ಇಟ್ಟರೆ, ಯಾವ ಶಾಲೆಯ ತಂಡ ಬಂತೋ ಅದನ್ನು ಹಾಕಬಹುದು. ಬುಕ್ಕಿಂಗ್ ಮಾಡುವಾಗಲೇ "ಮಕ್ಕಳ ಭಾಷೆ ಯಾವುದು" ಅಂತ ಒಂದು ಪ್ರಶ್ನೆ ಕೇಳಿದರಾಯಿತು.


ಚೆರ್ಕಳ, ಎಂಜಿನಿಯರಿಂಗ್ ಮೂರನೇ ವರ್ಷ

ಅಕ್ಕ, ಫೋನಿನ ವಿಷಯ ನಾನು ಯೋಚಿಸಿರಲಿಲ್ಲ. ಬ್ಯಾಂಡ್ ರೀಡರ್ ಮತ್ತು ಬೋರ್ಡಿನ ಕೆಲಸಕ್ಕೆ ನಮ್ಮ ಪ್ರಾಜೆಕ್ಟಿನಲ್ಲಿ ಒಂದು ಮಾದರಿ ಮಾಡಿ ನೋಡುತ್ತೇವೆ. ಕಾಲೇಜು ಕ್ಯಾಂಟೀನಿನ ಸಾಲಿನಲ್ಲೇ ಮೊದಲು ಪ್ರಯೋಗ. ಮಕ್ಕಳ ಹೆಸರು, ವಯಸ್ಸು ಏನೂ ಬ್ಯಾಂಡಿನಲ್ಲಿ ಇರಬಾರದು, ಬರೀ ಒಂದು ಸಂಖ್ಯೆ ಸಾಕು ಅಂತ ಈಗಲೇ ನಿರ್ಧಾರ ಮಾಡಿದೆವು. ಬ್ಯಾಂಡಿನಲ್ಲಿ ಉಳಿದ ಹಣಕ್ಕೆ ಕೌಂಟರ್ ಬೇಕಾಗಿಲ್ಲ. ಗುಂಪಾಗಿ ಬುಕ್ ಮಾಡಿದ ಖಾತೆಗೆ ರಾತ್ರಿಯೇ ವಾಪಸ್ ಹೋಗುವ ಹಾಗೆ ಮಾಡಬಹುದು. ಮೇಷ್ಟ್ರೇ, ಆ ಹಣ ಕೇಳಲು 1915 ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಬಹುದು.


ಕುಂಬಳೆ ಮೇಷ್ಟ್ರು

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ನಿನ್ನೆ ರಾತ್ರಿ ಪತ್ರ ಬರೆದೆ. ಮಂಜೇಶ್ವರದವರು ಹೇಳಿದ ಹಾಗೆ ಮೊದಲ ಸಾಲಿನಲ್ಲೇ ರೈಡ್ ನಿಲ್ಲಿಸಿದ್ದಕ್ಕೆ ಧನ್ಯವಾದ ಹೇಳಿದೆ. ಸತ್ಯ ಹೇಳಬೇಕೆಂದರೆ ಮೊದಲು ಬರೆದ ಕರಡಿನಲ್ಲಿ ಅದೇ ದೊಡ್ಡ ದೂರು ಆಗಿತ್ತು, ಅದನ್ನು ಹೊಡೆದು ಹಾಕಿದೆ. ನಿಂತ ಐದು ನಿಮಿಷದ ಒಳಗೆ ಗೇಟಿನವರಿಗೂ ಸಾಲಿನವರಿಗೂ ಹೇಳಬೇಕು ಅನ್ನುವುದಕ್ಕೆ ಒಂದು ಪುಟ ಪೂರ್ತಿ ಕೊಟ್ಟಿದ್ದೇನೆ. ಬೋರ್ಡಿನ ಸಮಯ, ಫಾಸ್ಟ್ ಟ್ರ್ಯಾಕಿನ ಮಿತಿ, ಸಾಲಿನಲ್ಲಿದ್ದವರ ಬ್ಯಾಂಡಿಗೆ ಪಾಸ್, ಕೊಳದ ಪಕ್ಕ ಕ್ಲೋರಿನ್ ಬೋರ್ಡ್, ಉಳಿದ ಹಣ, ಇವು ಎರಡನೇ ಪುಟದಲ್ಲಿ. ಉಪ್ಪಳದವರ 672 ಮತ್ತು 420ರ ಲೆಕ್ಕವನ್ನು ಒಂಬತ್ತನೇ ಕ್ಲಾಸಿಗೆ ಗಣಿತದ ಸಮಸ್ಯೆಯಾಗಿ ಕೊಟ್ಟೆ. ಮಕ್ಕಳೇ ಬಿಡಿಸಿದ ಕಾಗದವನ್ನೂ ಪತ್ರದ ಜೊತೆ ಇಟ್ಟಿದ್ದೇನೆ.

ಹತ್ತುವ ಮೊದಲಿನ ಸೂಚನೆಯನ್ನು ಆರು ವಾಕ್ಯದಲ್ಲಿ ಕನ್ನಡಕ್ಕೆ ತಂದಿದ್ದೇನೆ. ಕನ್ನಡಕ ಕಳೆದುಕೊಂಡ ಹುಡುಗಿಯೇ ಓದಿ ರೆಕಾರ್ಡ್ ಮಾಡುತ್ತೇನೆ ಅಂತ ಹೇಳಿದ್ದಾಳೆ. ಒಂದು ಸಲ ನೋಡಿ ತಿದ್ದಿ ಕೊಡಿ: "ಚಪ್ಪಲಿ, ಕನ್ನಡಕ, ಬ್ಯಾಗ್ ಇಲ್ಲೇ ಪೆಟ್ಟಿಗೆಯಲ್ಲಿ ಇಡಿ. ಬೆನ್ನು ಮತ್ತು ತಲೆ ಸೀಟಿಗೆ ಒರಗಿಸಿ. ಹಿಡಿಕೆ ಕೆಳಗೆ ಬರುವ ತನಕ ಕೈ ಮೇಲೆ ಇರಲಿ. ಬೆಲ್ಟನ್ನು ನಮ್ಮವರು ಎಳೆದು ನೋಡುತ್ತಾರೆ. ಹೆದರಿಕೆ ಆದರೆ ಈಗಲೇ ಕೈ ಎತ್ತಿ, ಇಳಿಯಬಹುದು. ಟ್ರೇನ್ ನಡುವೆ ನಿಂತರೆ ಕೂತಲ್ಲೇ ಇರಿ, ನಾವು ಬಂದು ಇಳಿಸುತ್ತೇವೆ."


ಮಂಜೇಶ್ವರ, ಈಗ ದುಬೈ

ತುಂಬಾ ಚೆನ್ನಾಗಿದೆ ಮೇಷ್ಟ್ರೇ. ಒಂದೇ ಒಂದು ತಿದ್ದುಪಡಿ. "ಕೈ ಮೇಲೆ ಇರಲಿ" ಅನ್ನುವುದೂ "ಇಳಿಯಬೇಕಾದರೆ ಕೈ ಎತ್ತಿ" ಅನ್ನುವುದೂ ಸೇರಿ ಗೊಂದಲ ಆಗುತ್ತದೆ. ಎಲ್ಲರ ಕೈಯೂ ಮೇಲೆ ಇರುವಾಗ ಹೆದರಿದ ಮಗು ಯಾವುದು ಅಂತ ಅಲ್ಲಿಯವರಿಗೆ ಹೇಗೆ ಗೊತ್ತಾಗಬೇಕು? "ಹೆದರಿಕೆ ಆದರೆ ಈಗಲೇ ಜೋರಾಗಿ ಹೇಳಿ" ಅಂತ ಮಾಡಿ.


ಕುಂಬಳೆ ಮೇಷ್ಟ್ರು

ತಿದ್ದಿದೆ. ನಾಳೆ ರೆಕಾರ್ಡಿಂಗ್.